‘ಸ್ಥಿರ’ ಚೌಕಟ್ಟು ಎಲ್ಲಿ ಸ್ಥಿರ: ತಪ್ಪು ಕಲ್ಪನೆ ಮತ್ತು ಸತ್ಯ

ಲೋಹದ ಗುಚ್ಛಗಳನ್ನು ಸಾವಯವ ಕೊಂಡಿಗಳಿಂದ ಬೆಸೆದು ಕಟ್ಟಿದ, ಒಳಗೆಲ್ಲ ಅತಿಸೂಕ್ಷ್ಮ ರಂಧ್ರಗಳಿರುವ ಹರಳುಗಳಿಗೆ ಲೋಹ-ಸಾವಯವ ಚೌಕಟ್ಟುಗಳೆಂದು ಹೆಸರು. 2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ ಸಂದದ್ದು ಇವುಗಳಿಗಾಗಿಯೇ. ನೀರು ಸೋಕಿದರೆ ಇವೆಲ್ಲವೂ ಕುಸಿಯುತ್ತವೆ ಎಂಬ ನಂಬಿಕೆ ಬಲವಾಗಿದೆ. 1999ರ ಎಂಒಎಫ್-5 ಎಂಬ ಚೌಕಟ್ಟಿನ ಮಟ್ಟಿಗೆ ಅದು ನಿಜ, ಗಾಳಿಯ ತೇವಕ್ಕೇ ಅದರ ಸತು-ಆಮ್ಲಜನಕ ಬಂಧ ಸಡಿಲುತ್ತದೆ. ಆದರೆ ಅದರ ಕೊಂಡಿಗೆ ಮೂಲವಾದ ಟೆರೆಫ್ತಾಲಿಕ್ ಆಮ್ಲ, ಅಂದರೆ ಜವಳಿ ಪಟ್ಟಣ ಇಚಲಕರಂಜಿಯ ಮಗ್ಗಗಳಿಗೆ ಬರುವ ಪಾಲಿಯೆಸ್ಟರ್ ನೂಲಿನ ಮೂಲದ್ರವ್ಯವೇ, 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಯುಐಒ-66 ಎಂಬ ಚೌಕಟ್ಟಿಗೂ ಆಧಾರ. ಅಲ್ಲಿ ಸತುವಿನ ಬದಲು ಜಿರ್ಕೋನಿಯಂ ಇದ್ದು, ಆರು ಪರಮಾಣುಗಳ ಪ್ರತಿ ಗುಚ್ಛವನ್ನು ಹನ್ನೆರಡು ಕೊಂಡಿಗಳು ಹಿಡಿದಿರುವುದರಿಂದ ಆ ಹರಳು ನೀರಿನಲ್ಲಿ ನೆನೆದರೂ ಕದಲುವುದಿಲ್ಲ.

ಇದರಿಂದ ಹುಟ್ಟುವ ಎದುರು ನಂಬಿಕೆ ಹೆಚ್ಚು ಅಪಾಯಕಾರಿ: ಸ್ಥಿರವೆಂದರೆ ಎಲ್ಲೆಡೆಯೂ ಸ್ಥಿರ, ಆದ್ದರಿಂದ ಒಂದು ಹಿಡಿ ಪುಡಿಯಿಂದ ಇಚಲಕರಂಜಿಯ ಬಳಿ ಹರಿಯುವ ಪಂಚಗಂಗಾ ನದಿ ತಿಳಿಯಾಗುತ್ತದೆ ಎಂಬುದು. ಬಟ್ಟೆಗೆ ಬಣ್ಣ ಕಟ್ಟುವಾಗ ಸೋಡಾ ಬೂದಿಯನ್ನೂ ನೂಲಿಗೆ ಹೊಳಪು ಕೊಡುವಾಗ ಕಾಸ್ಟಿಕ್ ಸೋಡಾವನ್ನೂ ಬಳಸುವುದರಿಂದ ಆ ಊರಿನ ಜವಳಿ ಘಟಕಗಳಿಂದ ಹೊರಬೀಳುವ ನೀರು ಕ್ಷಾರೀಯ. ಆಮ್ಲವನ್ನು ತಾಳಿಕೊಳ್ಳುವ ಯುಐಒ-66 ಪ್ರಬಲ ಕ್ಷಾರದಲ್ಲಿ ಮತ್ತು ಫಾಸ್ಫೇಟಿನಲ್ಲಿ ಶಿಥಿಲವಾಗುತ್ತದೆ. ಮೇಲಾಗಿ ಅದರ ರಂಧ್ರದ ಬಾಯಿ ಸುಮಾರು 0.6 ನ್ಯಾನೋಮೀಟರ್ ಮಾತ್ರವಿದ್ದು, ಬಣ್ಣದ ದೊಡ್ಡ ಅಣುಗಳು ಬಾಗಿಲಲ್ಲೇ ನಿಲ್ಲುತ್ತವೆ. ಕುದಿಯುವ ಕ್ಷಾರವನ್ನು ತಡೆಯುವ ಝಡ್ಐಎಫ್-8 ಎಂಬ ಇನ್ನೊಂದು ಚೌಕಟ್ಟಿಗೆ ಆಮ್ಲವೇ ಶತ್ರು.

ಅನಿಲದ ವಿಷಯದಲ್ಲಿಯೂ ಇವನ್ನು ಸ್ಪಂಜಿಗೆ ಹೋಲಿಸುವುದು ವಾಡಿಕೆ. ಆದರೆ ಇಲ್ಲಿ ನಡೆಯುವುದು ಅಧಿಶೋಷಣೆ, ಅಂದರೆ ಅಣುಗಳು ರಂಧ್ರಗಳ ಒಳಗೋಡೆಗೆ ಅಂಟಿಕೊಳ್ಳುವ ಕ್ರಿಯೆ. ಗೋಡೆಯ ಜಾಗ ಸೀಮಿತವಾದ್ದರಿಂದ ಅದಕ್ಕೆ ಪೈಪೋಟಿಯಿರುತ್ತದೆ. ಕೊಲ್ಹಾಪುರದ ಆಲೆಮನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿದಾಗ ಏಳುವ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡಿನೊಂದಿಗೆ ನೀರಾವಿಯೂ ಇರುವುದರಿಂದ ಅನೇಕ ಚೌಕಟ್ಟುಗಳಲ್ಲಿ ನೀರೇ ಮೊದಲು ಜಾಗ ಹಿಡಿಯುತ್ತದೆ. ಸತುವಿನಿಂದಲೇ ಕಟ್ಟಿದ ಸಿಎಎಲ್ಎಫ್-20 ಎಂಬ ಚೌಕಟ್ಟು ಮಾತ್ರ ಸುಮಾರು ಶೇ. 40ರವರೆಗಿನ ಆರ್ದ್ರತೆಯಲ್ಲಿಯೂ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುವುದಿಲ್ಲ.

ಮಾಲಿನ್ಯ ಪತ್ತೆಗೆ ಇವನ್ನು ಸಂವೇದಕಗಳಾಗಿ ಬಳಸುವ ಕುರಿತ ತಪ್ಪು ಇನ್ನೂ ಸೂಕ್ಷ್ಮವಾದುದು. ನೇರಳಾತೀತ ಬೆಳಕಿನಲ್ಲಿ ಮಿನುಗುವ ಚೌಕಟ್ಟು ಮಾಲಿನ್ಯದ ಅಣು ಸೇರಿದಾಗ ಮಂಕಾಗುತ್ತದೆ ನಿಜ, ಆದರೆ ಬಣ್ಣದ ನೀರು ತಾನೇ ಆ ಬೆಳಕನ್ನು ನುಂಗಿದರೂ ಅದೇ ಮಂಕು ಕಾಣುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಗೆದ್ದ ಪರೀಕ್ಷೆಯನ್ನು, ಗಡಹಿಂಗ್ಲಜ ದಾಟಿ ಸಂಕೇಶ್ವರದ ಕಡೆಗೆ ಹರಿಯುವ ಹಿರಣ್ಯಕೇಶಿ ನದಿಯ ನೀರಿನಲ್ಲಿಯೂ ಮಾಡಿ ನೋಡದ ಹೊರತು ಕೆಳಗಿನ ಊರುಗಳವರಿಗೆ ಅದನ್ನು ಭರವಸೆಯೆಂದು ಕೊಡಲಾಗದು.