ನಗುವುದು ಯಾರನ್ನು ನೋಡಿ?

ಉಡುಪಿ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಮಸಾಲೆ ದೋಸೆ, ಕೃಷ್ಣ ಮಠ, ಹೋಟೆಲಿನ ಗಲ್ಲಾದಲ್ಲಿ ಕೂತ ಲೆಕ್ಕಾಚಾರದ ಭಟ್ಟರು. ಸಿನಿಮಾದಲ್ಲಿ ಕರಾವಳಿಯವನೊಬ್ಬ ಬಂದ ಅಂದ್ರೆ ಅವನು 'ಎಂತ ಮಾರಾಯ್ರೆ' ಅನ್ನಬೇಕು, ಪುಸ್ತಕದ ಕನ್ನಡ ಮಾತಾಡಬೇಕು, ಥಿಯೇಟರ್ ನಗಬೇಕು. 2022ರ ಆರಂಭದಲ್ಲಿ ಇದೇ ಉಡುಪಿ ದೇಶದ ಟಿವಿಗಳಲ್ಲಿ ಬೇರೆಯೇ ಚಿತ್ರವಾಯಿತು. ಒಂದು ಕಡೆ ಹಿಜಾಬ್, ಇನ್ನೊಂದು ಕಡೆ ಕೇಸರಿ ಶಾಲು. ಮಾರ್ಚ್ ಹೊತ್ತಿಗೆ ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗವಿಲ್ಲ ಎಂಬ ಸುದ್ದಿ. ಮುಗೀತು. ಇಡೀ ಜಿಲ್ಲೆ ಎರಡು ಬಣ್ಣದ ಒಂದು ಫ್ರೇಮಿನೊಳಗೆ ಕೂತುಬಿಟ್ಟಿತು.

ಇದಕ್ಕೇ ಹಣೆಪಟ್ಟಿ ಅನ್ನೋದು. 'ಅವರು ಹೀಗೇ, ಇವರು ಹಾಗೇ' ಎಂಬ ತೀರ್ಮಾನ. ಅದನ್ನು ಕಟ್ಟುವುದು ಸುಲಭ, ಬಿಚ್ಚುವುದು ಕಷ್ಟ. ನಮ್ಮ ಸಾಹಿತಿಗಳು ಅದನ್ನು ನಗುವಿನಿಂದ ಬಿಚ್ಚಲು ನೋಡಿದರು. ಆ ನಗು ಎಂಥದ್ದು ಅಂತ ಅರ್ಥವಾದರೆ, ಇವತ್ತು ಪ್ರತಿ ಜೋಕಿಗೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ನಮ್ಮ ಕಾಲವೂ ಸ್ವಲ್ಪ ಅರ್ಥವಾದೀತು.

ಮೊದಲು ಬ್ರಿಟಿಷರ ಕಾಲಕ್ಕೆ ಹೋಗೋಣ. ಮದ್ರಾಸ್ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಎ.ಸಿ. ಬರ್ನೆಲ್ ತುಳುನಾಡಿನ ಭೂತಾರಾಧನೆಯ ಬಗ್ಗೆ ಅಪಾರ ಸಾಮಗ್ರಿ ಸಂಗ್ರಹಿಸಿದ. ಪಾಡ್ದನಗಳು ಬರಹಕ್ಕೆ ಬಂದವು. ಅದು ದೊಡ್ಡ ಕೆಲಸ, ಇವತ್ತಿಗೂ ಸಂಶೋಧಕರಿಗೆ ಬೇಕು. ಆದರೆ 1890ರ ದಶಕದಲ್ಲಿ ಅದು ಅಚ್ಚಾದಾಗ ಇಟ್ಟ ತಲೆಬರಹ ಏನು ಗೊತ್ತಾ? ಕನ್ನಡಕ್ಕೆ ತಂದರೆ, 'ತುಳುವರ ದೆವ್ವದ ಪೂಜೆ'! ಇಲ್ಲಿನವರು ಕೈಮುಗಿದು ದೈವ ಅಂದದ್ದು ಅಲ್ಲಿ ದೆವ್ವ ಆಯಿತು. ಒಂದೇ ಒಂದು ಪದ, ಒಂದು ನಾಡಿನ ನಂಬಿಕೆ ಕೆಳಗಿಳಿಯಿತು.

1947ರಲ್ಲಿ ಬಿಳಿಯರು ಹೋದರು, ಹಣೆಪಟ್ಟಿಗಳು ಉಳಿದವು. ಅವಕ್ಕೆ ಉತ್ತರ ಕೊಡುವುದು ಹೇಗೆ? ಸಿಟ್ಟಾಗಬಹುದು. ಅಥವಾ 'ನಮ್ಮದೆಲ್ಲವೂ ಶ್ರೇಷ್ಠ' ಅಂತ ಎದೆ ತಟ್ಟಿಕೊಳ್ಳಬಹುದು. ಆದರೆ ಅದೂ ಒಂದು ಹಣೆಪಟ್ಟಿಯೇ, ಬಂಗಾರದ ನೀರು ಕುಡಿಸಿದ್ದು ಅಷ್ಟೇ. ಮೂರನೆಯ ದಾರಿ ವಿಡಂಬನೆ. ನೈಜೀರಿಯಾದ ಚಿನುವಾ ಅಚಿಬೆ ಮೊದಲು ಆಫ್ರಿಕಾದ ಬಗ್ಗೆ ಯುರೋಪ್ ಬರೆದ ಸುಳ್ಳುಗಳಿಗೆ ಕಾದಂಬರಿಯಲ್ಲಿ ಉತ್ತರ ಕೊಟ್ಟ. ಆಮೇಲೆ 1966ರ 'ಎ ಮ್ಯಾನ್ ಆಫ್ ದಿ ಪೀಪಲ್' ಕಾದಂಬರಿಯಲ್ಲಿ ತನ್ನದೇ ದೇಶದ ಭ್ರಷ್ಟ ಮಂತ್ರಿಯನ್ನು ಗೇಲಿ ಮಾಡಿದ. ಹೊರಗಿನ ಸುಳ್ಳಿಗೂ ಮಣಿಯಲಿಲ್ಲ, ಒಳಗಿನ ಸುಳ್ಳನ್ನೂ ಬಿಡಲಿಲ್ಲ. ಕಾಲೇಜುಗಳಲ್ಲಿ 'ವಸಾಹತೋತ್ತರ ಸಾಹಿತ್ಯ' ಅಂತ ಪಾಠ ಮಾಡುತ್ತಾರಲ್ಲ, ಅದರ ತಿರುಳು ಬಹುಪಾಲು ಇದೇ.

ನಮ್ಮ ಕರಾವಳಿಯಲ್ಲಿ ಈ ನಗುವಿನ ಬೇರು ಸ್ವಾತಂತ್ರ್ಯಕ್ಕೂ ಹಿಂದಿನದು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ಡ್ರಿಲ್ ಮೇಷ್ಟ್ರು ಕಾವ್ಯ ಬರೆದರೆ ಯಾರು ಓದುತ್ತಾರೆ ಸ್ವಾಮಿ? ಅದಕ್ಕೇ ತನ್ನ ಕೃತಿಯನ್ನು ಹಳೆಯ ಕಾಲದ ಕಾವ್ಯ ಅನ್ನುವಂತೆ ಮೈಸೂರಿಗೆ ಕಳಿಸಿಕೊಟ್ಟ. ವಿದ್ವಾಂಸರು ಮೆಚ್ಚಿ ಪ್ರಕಟಿಸಿದರು! ಅವನ 'ಶ್ರೀರಾಮಾಶ್ವಮೇಧಂ'ನಲ್ಲಿ ಕಥೆ ಹೇಳುವವನು ಗಂಡ ಮುದ್ದಣ, ಕೇಳುವವಳು ಹೆಂಡತಿ ಮನೋರಮೆ. ಆದರೆ ಅವಳು ಸುಮ್ಮನೆ ತಲೆದೂಗುವವಳಲ್ಲ. ಗಂಡನ ಪಾಂಡಿತ್ಯದ ಆಡಂಬರವನ್ನು ಅಲ್ಲಲ್ಲೇ ಚುಚ್ಚುತ್ತಾಳೆ. ಡ್ರಿಲ್ ಮೇಷ್ಟ್ರಿಗೆ ಕಾವ್ಯ ಬಾರದು, ಹೆಂಗಸಿಗೆ ವಿಮರ್ಶೆ ಬಾರದು ಎಂಬ ಎರಡು ಹಣೆಪಟ್ಟಿಗಳು ಒಂದೇ ಪುಸ್ತಕದಲ್ಲಿ ಕಳಚಿದವು. 1901ರಲ್ಲಿ ಮುದ್ದಣ ತೀರಿಕೊಂಡಾಗ ವಯಸ್ಸು ಬರೀ 31.

ಮುದ್ದಣ ಹೋದ ಮರುವರ್ಷವೇ ಕೋಟದಲ್ಲಿ ಶಿವರಾಮ ಕಾರಂತರು ಹುಟ್ಟಿದರು. 1968ರ 'ಮೂಕಜ್ಜಿಯ ಕನಸುಗಳು' ನೆನಪಿಸಿಕೊಳ್ಳಿ. ಬಾಲವಿಧವೆ, ಎಂಬತ್ತು ದಾಟಿದ ಮುದುಕಿ. ಅಂಥವಳು ಮೂಲೆಯಲ್ಲಿ ಕೂತು ರಾಮ ರಾಮ ಅನ್ನಬೇಕು ಅಂತ ಊರಿನ ಲೆಕ್ಕ. ಆದರೆ ಕಾರಂತರ ಅಜ್ಜಿ ದೇವರು, ಧರ್ಮ, ಗಂಡು ಹೆಣ್ಣಿನ ಸಂಬಂಧ ಎಲ್ಲದರ ಬಗ್ಗೆಯೂ ಸಂಕೋಚವಿಲ್ಲದೆ ಮಾತಾಡುತ್ತಾಳೆ. ಓದಿದ ಮೊಮ್ಮಗ ಪ್ರಶ್ನೆ ಕೇಳುತ್ತಾನೆ, ಶಾಲೆ ಕಾಣದ ಅಜ್ಜಿ ಉತ್ತರ ಹೇಳುತ್ತಾಳೆ. ಈ ಅಜ್ಜಿಯೇ ಕಾರಂತರಿಗೆ ಜ್ಞಾನಪೀಠ ತಂದುಕೊಟ್ಟಳು.

ಇನ್ನು ಘಟ್ಟ ಹತ್ತಿ ತೀರ್ಥಹಳ್ಳಿ ಕಡೆಗೆ ಹೋಗೋಣ. ಯು.ಆರ್. ಅನಂತಮೂರ್ತಿಯವರು 'ಸಂಸ್ಕಾರ' ಬರೆದದ್ದು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ. ಪ್ರಕಟವಾದದ್ದು 1965ರಲ್ಲಿ. ಮಾಧ್ವ ಬ್ರಾಹ್ಮಣರ ಒಂದು ಅಗ್ರಹಾರ. ಆಚಾರ ಬಿಟ್ಟ ನಾರಣಪ್ಪ ಸತ್ತ. ಹೆಣ ಸುಡುವವರು ಯಾರು? ಶಾಸ್ತ್ರ ಹುಡುಕುತ್ತಾರೆ. ಅಷ್ಟರಲ್ಲಿ ಅವನ ಜೊತೆಗಿದ್ದ ಚಂದ್ರಿ ಮೈಮೇಲಿನ ಬಂಗಾರ ತೆಗೆದು, ಖರ್ಚಿಗೆ ಅಂತ ಮುಂದಿಡುತ್ತಾಳೆ. ಅಲ್ಲಿಯವರೆಗೆ 'ನಾವು ಮುಟ್ಟೆವು' ಅಂದವರಿಗೆ ತಟ್ಟನೆ ಆಸೆ ಹುಟ್ಟುತ್ತದೆ! ಕೊನೆಗೆ ಆ ಹೆಣಕ್ಕೆ ಬೆಂಕಿ ಸಿಕ್ಕಿದ್ದು ಗಾಡಿ ತಂದ ಒಬ್ಬ ಮುಸ್ಲಿಂ ಮೀನು ವ್ಯಾಪಾರಿಯ ಸಹಾಯದಿಂದ. ಸಮುದಾಯದ ಕೆಲವರು ಸಿಡಿದೆದ್ದರು. ಸಿನಿಮಾ ಆದಾಗ ಸೆನ್ಸಾರ್ ತಡೆಯಿತು. ಆಮೇಲೆ ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರಪ್ರಶಸ್ತಿಯನ್ನು ಮೊದಲ ಬಾರಿಗೆ ಕನ್ನಡಕ್ಕೆ ತಂದಿತು.

ಇಲ್ಲೊಂದು ತಿರುವು ಇದೆ, ಗಮನಿಸಿ. ವಿ.ಎಸ್. ನೈಪಾಲ್ ಗೊತ್ತಲ್ಲ, ಟ್ರಿನಿಡಾಡಿನವರು, ಅವರೂ ವಿಡಂಬನೆಯಲ್ಲಿ ಪಳಗಿದ ಕೈ. ಭಾರತದ ಬಗ್ಗೆ 1977ರಲ್ಲಿ ಬರೆದ ಪುಸ್ತಕದಲ್ಲಿ ಅವರು 'ಸಂಸ್ಕಾರ'ವನ್ನು ಎತ್ತಿಕೊಂಡು, ನೋಡಿ, ಹಿಂದೂ ಮನಸ್ಸು ಅಂದರೆ ಹೀಗೇ ಎಂಬ ಅರ್ಥದ ತೀರ್ಮಾನಕ್ಕೆ ಬಂದರು. ಅನಂತಮೂರ್ತಿ ಹಣೆಪಟ್ಟಿ ಬಿಚ್ಚಲು ಬರೆದ ಕಥೆಯೇ ನೈಪಾಲರ ಕೈಯಲ್ಲಿ ಹೊಸ ಹಣೆಪಟ್ಟಿಯಾಯಿತು! ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರ 'ದಿ ವೈಟ್ ಟೈಗರ್' 2008ರಲ್ಲಿ ಬುಕರ್ ಗೆದ್ದಾಗಲೂ ಇದೇ ಜಗಳ. ಭಾರತ ಹೊಳೀತಿದೆ ಎಂಬ ಜಂಬವನ್ನು ಚುಚ್ಚಿದ ಕಾದಂಬರಿ ಅಂತ ಕೆಲವರು, ಪಶ್ಚಿಮದವರಿಗೆ ನಮ್ಮ ಬಡತನ ಮಾರಿದ ಕಾದಂಬರಿ ಅಂತ ಕೆಲವರು. ಅಂದ್ರೆ ವಿಡಂಬನೆಯ ಅರ್ಧ ಕೆಲಸ ಬರೆಯುವವನದ್ದು, ಇನ್ನರ್ಧ ಓದುವವನದ್ದು. ಓದುವವನು 'ಇದು ನನ್ನ ಮನೆಯ ಕಥೆಯೂ ಹೌದಾ?' ಅಂತ ಕೇಳಿಕೊಳ್ಳದೆ 'ಅವರು ಹೀಗೇ' ಅಂದರೆ ಆಟ ಕೆಟ್ಟಿತು.

ಮಣಿಪಾಲದಲ್ಲಿ ನೆಲೆಸಿರುವ ವೈದೇಹಿಯವರ ಬರಹಗಳಲ್ಲಿ ಈ ನಗು ಇನ್ನೂ ಮೆತ್ತಗೆ, ಇನ್ನೂ ಆಳಕ್ಕೆ ಇಳಿಯುತ್ತದೆ. ಅವರ 'ಅಕ್ಕು' ಕಥೆಯಲ್ಲಿ ಗಂಡ ಬಿಟ್ಟುಹೋದ ಹೆಣ್ಣನ್ನು ಎಲ್ಲರೂ ಹುಚ್ಚಿ ಅನ್ನುತ್ತಾರೆ. ಆದರೆ ಅವಳು ಬಾಯಿ ತೆರೆದರೆ ಮರ್ಯಾದಸ್ಥರ ಒಳಗುಟ್ಟು ಬಯಲಾಗುತ್ತದೆ. ಹುಚ್ಚು ಯಾರಿಗೆ ಅಂತ ಓದುಗ ತಾನೇ ಕೇಳಿಕೊಳ್ಳಬೇಕು. ಅದೂ ಕುಂದಾಪುರ ಕನ್ನಡದಲ್ಲಿ. ಸಿನಿಮಾಗಳು ನಗಿಸಲು ಬಳಸುವ ಕರಾವಳಿಯ ಮಾತು ಇಲ್ಲಿ ನೋವು ಹೇಳುತ್ತದೆ, ವ್ಯಂಗ್ಯ ಆಡುತ್ತದೆ, ತೀರ್ಪನ್ನೂ ಕೊಡುತ್ತದೆ.

ಅವರದೇ ಇನ್ನೊಂದು ಕಥೆಯಿಂದ ಗಿರೀಶ್ ಕಾಸರವಳ್ಳಿ 2008ರಲ್ಲಿ 'ಗುಲಾಬಿ ಟಾಕೀಸ್' ಮಾಡಿದರು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಟಿವಿ ನೋಡುವ ನಾವು ಅದನ್ನು ನೋಡಲೇಬೇಕು. ಕುಂದಾಪುರದ ಕಡೆಯ ಮೀನುಗಾರರ ಕೇರಿ. ಸೂಲಗಿತ್ತಿ ಗುಲಾಬಿಯ ಮನೆಗೆ ಟಿವಿ ಬರುತ್ತದೆ, ಡಿಶ್ ಸಮೇತ. ಮೊದಮೊದಲು ಅದನ್ನು ನೋಡಲು ಕೇರಿಯ ಹೆಂಗಸರು ಒಂದೇ ಸೂರಿನಡಿ ಸೇರುತ್ತಾರೆ. ಆಮೇಲೆ ಕಾರ್ಗಿಲ್ ಯುದ್ಧದ ಕಾಲ. ನೋಡನೋಡುತ್ತಾ ಎಲ್ಲರ ಮಕ್ಕಳನ್ನು ಭೂಮಿಗೆ ತಂದ ಗುಲಾಬಿ ಬರೀ 'ಮುಸ್ಲಿಂ ಹೆಂಗಸು' ಆಗಿಬಿಡುತ್ತಾಳೆ, ಊರನ್ನೇ ಬಿಡಬೇಕಾಗುತ್ತದೆ. ಇದು ಹೆಣೆದ ಕಥೆ. ಆದರೆ 2022ರಲ್ಲಿ ಕಾಪುವಿನಿಂದ ಬಂದ ಸುದ್ದಿ ಕಥೆಯಲ್ಲ. ಹಣೆಪಟ್ಟಿ ಕೊನೆಗೆ ಬೀಳುವುದು ಬಡವರ ಹೊಟ್ಟೆಯ ಮೇಲೆ, ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಬಳೆ, ಆಟಿಕೆ ಮಾರುವವನ ಮೇಲೆ.

ಹಾಗಾದರೆ ಗೇಲಿ ಯಾವುದು, ವಿಡಂಬನೆ ಯಾವುದು? ಗೇಲಿ ದುರ್ಬಲನನ್ನು ನೋಡಿ ನಗುತ್ತೆ, ವಿಡಂಬನೆ ಬಲವಿದ್ದವನನ್ನು ನೋಡಿ ನಗುತ್ತೆ. ಗೇಲಿ ಪಕ್ಕದ ಮನೆಯವರ ಕಥೆ ಹೇಳುತ್ತೆ, ವಿಡಂಬನೆ ಮೊದಲು ತನ್ನ ಮನೆಯ ಕಸ ಗುಡಿಸುತ್ತೆ. ಕಾರಂತರು, ಅನಂತಮೂರ್ತಿ, ವೈದೇಹಿ ಮೂವರೂ ಚುಚ್ಚಿದ್ದು ತಾವು ಹುಟ್ಟಿ ಬೆಳೆದ ಸಮಾಜವನ್ನೇ. ಅದನ್ನು ದ್ವೇಷ ಅನ್ನಬೇಡಿ. ತನ್ನವರು ಎಂಬ ಪ್ರೀತಿ ಇಲ್ಲದವನಿಗೆ ಅಷ್ಟು ಒಳಗಿನ ಗುಟ್ಟು ಗೊತ್ತಾಗುವುದಿಲ್ಲ.

ಮುಂದಿನ ಸಲ ಟಿವಿಯಲ್ಲಿ, ಮೊಬೈಲಿನಲ್ಲಿ ಯಾರನ್ನೋ ನೋಡಿ ನಗು ಬಂತು ಅನ್ನಿ. ಖಂಡಿತ ನಗಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ನಗುವಿನಿಂದ ಪೆಟ್ಟು ಬಿದ್ದದ್ದು ಯಾರಿಗೆ?