ನಿಮಗಿದು ಗೊತ್ತೆ? ಚಳಿಗೆ ಸಿಹಿಯಾಗುವ ಗಜ್ಜರಿ

ಗಜ್ಜರಿ, ಅಂದರೆ ಕ್ಯಾರೆಟ್, ಎರಡು ವರ್ಷದ ಗಿಡ. ಮೊದಲ ವರ್ಷ ಬೇರಿನಲ್ಲಿ ಕೂಡಿಡುವ ಸಕ್ಕರೆಯೆಲ್ಲ ಮರುವರ್ಷದ ಹೂವಿಗಾಗಿ. ಚಳಿ ಬಿದ್ದರೆ ಆ ಸಕ್ಕರೆ ಇನ್ನೂ ಹೆಚ್ಚುತ್ತದೆ. ಸಿಹಿ ಬೆರೆತ ನೀರು ಬೇಗ ಹೆಪ್ಪುಗಟ್ಟದು, ಅದೇ ಗಿಡದ ರಕ್ಷೆ. ಬಿರುಬಿಸಿಲಲ್ಲಿ ಬೆಳೆದದ್ದಕ್ಕೆ ಕಹಿ ಒಗರು. ಹಾಗಾಗಿ ನಮ್ಮ ಬಯಲುಸೀಮೆಯ ಹಿತ್ತಲಿಗೆ ಅಕ್ಟೋಬರ್–ನವೆಂಬರ್ ಬಿತ್ತನೆಯೇ ಸರಿ.

ಬೀಜವನ್ನು ಪಾತಿಗೇ ಬಿತ್ತಿ. ಸಸಿ ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ಕಲ್ಲು, ಹೆಂಟೆ ತಾಗಿದರೂ ಅಷ್ಟೇ. ಮೊಳಕೆಗೆ 10ರಿಂದ 20 ದಿನ ಬೇಕು, ಅಲ್ಲಿಯವರೆಗೆ ಮಣ್ಣು ಒಣಗಲೇಬಾರದು. ಮಣ್ಣಿನ ಮೇಲೆ ಇಣುಕಿದ ಗಡ್ಡೆಯ ತಲೆ ಬಿಸಿಲಿಗೆ ಹಸಿರಾಗಿ ಕಹಿಯಾಗುತ್ತದೆ, ಮಣ್ಣೇರಿಸಿ ಮುಚ್ಚಿ. ಕಿತ್ತ ಕೂಡಲೇ ಸೊಪ್ಪು ಕತ್ತರಿಸಿ. ಇಲ್ಲವಾದರೆ ಅದು ಗಡ್ಡೆಯ ನೀರನ್ನೇ ಹೀರಿ ಬಾಡಿಸುತ್ತದೆ.