ಊರು ಬೇರೆ, ಕೋಣೆ ಅದೇ

ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಿಂದ ಹೊರಬಿದ್ದು ಥೇಮ್ಸ್ ನದಿಯ ಕಡೆ ಸ್ವಲ್ಪ ನಡೆದರೆ ಕೌಂಟಿ ಹಾಲ್ ಸಿಗುತ್ತದೆ. ರಾಲ್ಫ್ ನಾಟ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ, 1922ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದ ಭಾರೀ ಕಲ್ಲುಕಟ್ಟಡ ಇದು. ಲಂಡನ್ ನಗರದ ಆಡಳಿತ ಇಲ್ಲಿಂದಲೇ ನಡೆಯುತ್ತಿತ್ತು. ಥ್ಯಾಚರ್ ಸರ್ಕಾರ 1986ರಲ್ಲಿ ಆ ಆಡಳಿತ ಮಂಡಳಿಯನ್ನೇ ರದ್ದು ಮಾಡಿತು. ಈಗ ಕಟ್ಟಡದ ಒಂದು ಭಾಗದಲ್ಲಿ ಮೀನುಗಳ ಅಕ್ವೇರಿಯಂ ಇದೆ. ಹಿಂಬದಿಯ ಬೆಲ್ವೆಡೇರ್ ರಸ್ತೆಗೆ ತಿರುಗಿದರೆ ನೇರಳೆ ಬಣ್ಣದ ಬೋರ್ಡು: ಪ್ರೀಮಿಯರ್ ಇನ್.

ಹೊರಗಿನ ಗತ್ತು ನೋಡಿ ಒಳಗೂ ಅರಮನೆಯೇ ಇರಬೇಕು ಅಂದುಕೊಂಡಿದ್ದರು ಮಕ್ಕಳು. ಕಾರ್ಡ್ ಮುಟ್ಟಿಸಿ ಬಾಗಿಲು ತೆಗೆದರೆ ಕಂಡದ್ದು ಅಚ್ಚುಕಟ್ಟಾದ, ಸಾದಾ ಕೋಣೆ. ದೊಡ್ಡ ಮಂಚ, ಹಾಸಿಗೆಯಾಗುವ ಸೋಫಾ, ಎಳೆದರೆ ಹೊರಬರುವ ಇನ್ನೊಂದು ಪುಟ್ಟ ಮಂಚ, ನೀರು ಕಾಯಿಸುವ ಕೆಟಲ್, ಪಕ್ಕದಲ್ಲಿ ಟೀ ಚೀಲಗಳು, ಹೆಬ್ಬೆರಳಿನಷ್ಟು ದೊಡ್ಡ ಹಾಲಿನ ಡಬ್ಬಿಗಳು. ನದಿ ಕಾಣುವುದಿಲ್ಲ. ಆದರೆ ಬಾಗಿಲಿನಿಂದ ಹೊರಟು ನದಿ ದಂಡೆ ಹಿಡಿದು, ಸೇಂಟ್ ಥಾಮಸ್ ಆಸ್ಪತ್ರೆ ದಾಟಿ, ಲ್ಯಾಂಬೆತ್ ಸೇತುವೆಯತ್ತ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅಮ್ಮ ಅಲ್ಲಿ ಕೈಮುಗಿದು, ಆಮೇಲೆ ನದಿಯಾಚೆಗಿನ ಪಾರ್ಲಿಮೆಂಟನ್ನು ಬಹಳ ಹೊತ್ತು ನೋಡುತ್ತಾ ನಿಂತರು. ಕನ್ನಡದ ಕುಟುಂಬಕ್ಕೆ ಈ ಹೋಟೆಲಿನ ಜಾಗದ ಬೆಲೆ ಏನೆಂದು ನನಗೆ ಗೊತ್ತಾದದ್ದು ಆಗಲೇ.

ಮಕ್ಕಳಿಬ್ಬರು ಮತ್ತು ವಯಸ್ಸಾದ ಅಮ್ಮನನ್ನು ಕರೆದುಕೊಂಡು ಬ್ರಿಟನ್ ಸುತ್ತುವವರಿಗೆ ಹೋಟೆಲಿನ ಆಯ್ಕೆ ಸಣ್ಣ ವಿಷಯವಲ್ಲ. ಅಲ್ಲಿನ ಹಳೆಯ ಮನೆಗಳಲ್ಲಿ ಹಾಸಿಗೆ, ತಿಂಡಿ ಕೊಡುವ ಬಿ ಅಂಡ್ ಬಿಗಳಿಗೆ ತಮ್ಮದೇ ಸೊಗಸಿದೆ, ನಿಜ. ಆದರೆ ಕಡಿದಾದ ಮೆಟ್ಟಿಲು, ಲಿಫ್ಟ್ ಇಲ್ಲದ ಮೂರನೇ ಮಹಡಿ, ಊರಿಗೊಂದು ಬಗೆಯ ನಲ್ಲಿ, ಮನೆಗೊಂದು ಬಗೆಯ ಸ್ವಿಚ್ಚು. ಅಮ್ಮನಂಥವರು ರಾತ್ರಿ ಎದ್ದಾಗ ತಡಕಾಡಬೇಕು. ಚೈನ್ ಹೋಟೆಲುಗಳಲ್ಲಿ ಊರು ಬದಲಾದರೂ ಕೋಣೆ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಒಂಟಿ ಪ್ರಯಾಣಿಕನಿಗೆ ಅದು ಬೇಸರ ತರಿಸಬಹುದು. ಹಿರಿಯರಿಗೆ, ಮಕ್ಕಳಿಗೆ ಅದೇ ನೆಮ್ಮದಿ. ಲಂಡನ್ನಿನ ನಂತರ ಯಾರ್ಕ್‌ನಲ್ಲಿಯೂ ಅದೇ ಚೈನಿನ ಕೋಣೆಗೆ ಕಾಲಿಟ್ಟಾಗ ಅಮ್ಮ ಯಾರನ್ನೂ ಕೇಳದೆ ಬಚ್ಚಲಿನ ದೀಪದ ದಾರ ಎಳೆದರು, ಕೆಟಲ್ಲಿಗೆ ನೀರು ತುಂಬಿದರು.

ಈ ಹೋಟೆಲುಗಳ ಹಿಂದಿನ ಕಥೆಯೂ ಸ್ವಾರಸ್ಯದ್ದು. ಪ್ರೀಮಿಯರ್ ಇನ್ ನಡೆಸುವ ವಿಟ್‌ಬ್ರೆಡ್ ಮೂಲತಃ ಬಿಯರ್ ಕಂಪನಿ, 1742ರಲ್ಲಿ ಹುಟ್ಟಿದ್ದು. ಹಾಲಿಡೇ ಇನ್ ಎಂಬ ಚೈನ್ ಶುರುವಾದದ್ದು ಅಮೆರಿಕದಲ್ಲಾದರೂ ಅದನ್ನು ಕೊಂಡದ್ದು ಬ್ರಿಟನ್ನಿನ ಇನ್ನೊಂದು ಬಿಯರ್ ದೈತ್ಯ, ಬಾಸ್. ಅಲ್ಲಿ ದೊಡ್ಡ ಬಿಯರ್ ಕಂಪನಿಗಳ ಕೈಯಲ್ಲಿ ಸಾವಿರಾರು ಪಬ್‌ಗಳಿದ್ದವು. 1989ರಲ್ಲಿ ಸರ್ಕಾರ ಆ ಹಿಡಿತಕ್ಕೆ ಮಿತಿ ಹಾಕಿತು. 2000ರಲ್ಲಿ ಇಬ್ಬರೂ ಬಿಯರ್ ತಯಾರಿಕೆಯನ್ನೇ ಬೆಲ್ಜಿಯಂನ ಇಂಟರ್‌ಬ್ರೂಗೆ ಮಾರಿ ಆತಿಥ್ಯದ ವ್ಯಾಪಾರಕ್ಕೆ ನಿಂತರು. ಊರ ಹೊರಗಿನ ಎಷ್ಟೋ ಪ್ರೀಮಿಯರ್ ಇನ್‌ಗಳ ಅಂಗಳದಲ್ಲೇ ಒಂದು ಪಬ್ ಇರುವುದಕ್ಕೆ ಕಾರಣ ಈ ಹಿನ್ನೆಲೆ. ವಿಟ್‌ಬ್ರೆಡ್ 1987ರಲ್ಲಿ ‘ಟ್ರಾವೆಲ್ ಇನ್’ ಎಂದು ಶುರುಮಾಡಿದ ಈ ಸರಣಿಗೆ ಈಗಿನ ಹೆಸರು ಬಂದದ್ದು 2007ರಲ್ಲಿ. ಬೆಂಗಳೂರಿನ ವೈಟ್‌ಫೀಲ್ಡಿನಲ್ಲೂ ಅವರ ಹೋಟೆಲೊಂದು ಕೆಲವು ವರ್ಷ ನಡೆದಿತ್ತು.

ಟ್ರಾವೆಲಾಡ್ಜ್ ಎಂಬ ಮೂರನೆಯ ಚೈನ್ ಹುಟ್ಟಿದ್ದು ಹೆದ್ದಾರಿ ಪಕ್ಕದಲ್ಲಿ. ಮೊದಲನೆಯದು 1985ರಲ್ಲಿ ಸ್ಟ್ಯಾಫರ್ಡ್‌ಶೈರ್‌ನ ಎ38 ರಸ್ತೆಯ ಬದಿಗೆ ಬಾಗಿಲು ತೆರೆಯಿತು. ನಾವು ಕಾರು ಬಾಡಿಗೆಗೆ ಹಿಡಿದು ಲೇಕ್ ಡಿಸ್ಟ್ರಿಕ್ಟ್ ಕಡೆ ಹೊರಟಾಗ ತಂಗಿದ್ದು ಅಂಥದೇ ಒಂದರಲ್ಲಿ. ಕಾರು ಬಾಗಿಲ ಮುಂದೆಯೇ, ಸಾಮಾನು ಹೊರುವ ಕಷ್ಟವಿಲ್ಲ. ನೀಲಿ ಬಣ್ಣದ ಕೋಣೆ, ಬೇಕಾದಷ್ಟೇ ಸಾಮಾನು. ದೊಡ್ಡ ಕಿಟಕಿಯಾಚೆ ಕುರಿಗಳ ಹಸಿರು ಗುಡ್ಡ. ರಾತ್ರಿ ಕಳೆದು ಬೆಳಗ್ಗೆ ಮುಂದೆ ಹೊರಡುವವರಿಗೆ ಇಷ್ಟು ಸಾಕು. ಎರಡು ಮೂರು ರಾತ್ರಿ ಒಂದೇ ಊರಿನಲ್ಲಿ ಇರುವುದಾದರೆ ಇನ್ನೂ ಸ್ವಲ್ಪ ಹಣ ಹಾಕಿ ಊರೊಳಗೆ ಉಳಿಯುವುದೇ ಸರಿ.

ಮ್ಯಾಂಚೆಸ್ಟರಿನಲ್ಲಿ ಹಾಲಿಡೇ ಇನ್ ಎಕ್ಸ್‌ಪ್ರೆಸ್. ಇಲ್ಲಿನ ದೊಡ್ಡ ಅನುಕೂಲವೆಂದರೆ ಬೆಳಗಿನ ತಿಂಡಿ ಕೋಣೆಯ ಬಾಡಿಗೆಯಲ್ಲೇ ಸೇರಿದೆ. ಪ್ರೀಮಿಯರ್ ಇನ್ ಮತ್ತು ಟ್ರಾವೆಲಾಡ್ಜ್‌ಗಳಲ್ಲಿ ತಿಂಡಿಗೆ ಬೇರೆ ದುಡ್ಡು. ಆದರೆ ಒಬ್ಬ ದೊಡ್ಡವರು ಪೂರ್ತಿ ತಿಂಡಿಗೆ ಹಣ ಕೊಟ್ಟರೆ ಇಬ್ಬರು ಮಕ್ಕಳಿಗೆ ಉಚಿತ. ಹಾಗಾಗಿ ಬರೀ ಕೋಣೆಯ ದರ ನೋಡಿ ಇದು ಅಗ್ಗ, ಅದು ದುಬಾರಿ ಎಂದು ತೀರ್ಮಾನಿಸಬಾರದು. ತಿಂಡಿಯ ಲೆಕ್ಕವೂ ಸೇರಿದ ಮೇಲೆ ಎಷ್ಟೋ ಸಲ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ.

ತಿಂಡಿಯ ಮೇಜಿನ ಮುಂದೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಬೇಕನ್, ಸಾಸೇಜುಗಳ ಪಕ್ಕದಲ್ಲೇ ಹುರಿದ ಟೊಮೆಟೊ, ಅಣಬೆ, ಆಲೂಗಡ್ಡೆಯ ಹ್ಯಾಶ್ ಬ್ರೌನ್, ಟೊಮೆಟೊ ರಸದಲ್ಲಿ ಬೆಂದ ಬೀನ್ಸ್, ಟೋಸ್ಟು, ಮೊಸರು, ಹಣ್ಣು ಇರುತ್ತವೆ. ಮಾಂಸವಿಲ್ಲದ ಸಾಸೇಜು ಬೇಕೆಂದು ಕೇಳಿದರೆ ಮಾಡಿಕೊಡುವ ಕಡೆಗಳೂ ಇವೆ. ಅಮ್ಮ ಮನೆಯಿಂದ ತಂದಿದ್ದ ಚಟ್ನಿಪುಡಿಯನ್ನು ಟೋಸ್ಟಿನ ಮೇಲೆ ಉದುರಿಸಿಕೊಂಡರು. ಸಂಜೆಯ ಊಟಕ್ಕೆ ಮಾತ್ರ ಮೊದಲೇ ಯೋಚಿಸಿರಿ. ಈ ಕೋಣೆಗಳಲ್ಲಿ ಸಾಮಾನ್ಯವಾಗಿ ಫ್ರಿಜ್ ಇರುವುದಿಲ್ಲ, ಮೈಕ್ರೊವೇವ್ ಇರುವುದಿಲ್ಲ. ಕೆಟಲ್ಲಿನ ಬಿಸಿನೀರಿಗೆ ಹಾಕಿ ಕಲಸುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳು ಮಳೆಯ ರಾತ್ರಿಗಳಲ್ಲಿ ಕೈ ಹಿಡಿದವು.

ಯಾರು ಎಲ್ಲಿ ಮಲಗಬೇಕು ಎಂಬುದು ಬಹಳ ಜನ ಕೊನೆಗೆ ಯೋಚಿಸುವ ವಿಷಯ, ಮೊದಲು ಯೋಚಿಸಬೇಕಾದದ್ದು. ಫ್ಯಾಮಿಲಿ ರೂಮ್ ಎಂದರೆ ಅಲ್ಲಿ ಗಂಡ ಹೆಂಡತಿ ಮತ್ತು ಇಬ್ಬರು ಮಕ್ಕಳು. ಅಜ್ಜಿಯೂ ಇದ್ದರೆ ಎರಡನೇ ಕೋಣೆ ಬೇಕೇ ಬೇಕು. ನಮ್ಮಲ್ಲಿಯ ಹಾಗೆ ರಿಸೆಪ್ಷನ್ನಿನಲ್ಲಿ ಕೇಳಿ ಇನ್ನೊಂದು ಹಾಸಿಗೆ ನೆಲಕ್ಕೆ ಹಾಕಿಸಿಕೊಳ್ಳಲು ಬರುವುದಿಲ್ಲ, ಅಗ್ನಿ ಸುರಕ್ಷತೆಯ ನಿಯಮಗಳು ಅಲ್ಲಿ ಬಿಗಿ. ಒತ್ತೊತ್ತಿನ ಎರಡು ಕೋಣೆ ಬೇಕೆಂದು ಬುಕ್ ಮಾಡುವಾಗಲೇ ಬರೆದು, ಹಿಂದಿನ ದಿನ ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು. ಉತ್ತರದ ಒಂದು ಊರಿನಲ್ಲಿ, ಹೋಟೆಲಿನ ಹೆಸರು ಬೇಡ, ನಾವು ಬರೆದದ್ದನ್ನು ಯಾರೂ ಓದಿರಲಿಲ್ಲ. ಅಮ್ಮನಿಗೆ ಕೋಣೆ ಸಿಕ್ಕಿದ್ದು ಎರಡು ಮಹಡಿ ಮೇಲೆ. ಆ ರಾತ್ರಿ ದೊಡ್ಡ ಮಗಳನ್ನು ಅವರ ಜೊತೆ ಮಲಗಿಸಿದೆವು.

ಪಾಸ್‌ಪೋರ್ಟಿನ ಬಗ್ಗೆ ಒಂದು ಮಾತು. ಹದಿನಾರು ತುಂಬಿದ ಪ್ರತಿ ಅತಿಥಿಯ ಹೆಸರು, ರಾಷ್ಟ್ರೀಯತೆಯನ್ನು ಹೋಟೆಲುಗಳು ಬರೆದಿಡಬೇಕೆಂದು 1972ರ ಆದೇಶವೊಂದು ಹೇಳುತ್ತದೆ. ಹೊರದೇಶದವರು ಪಾಸ್‌ಪೋರ್ಟ್ ಸಂಖ್ಯೆ, ಮುಂದೆ ಹೋಗುವ ಊರು ಕೂಡ ತಿಳಿಸಬೇಕು. ಕಾಮನ್‌ವೆಲ್ತ್ ದೇಶಗಳವರಿಗೆ, ಅಂದರೆ ಭಾರತೀಯರಿಗೂ, ಈ ಎರಡನೆಯ ಭಾಗ ಅನ್ವಯಿಸುವುದಿಲ್ಲ. ಹಾಗಿದ್ದರೂ ಗುರುತಿಗೆಂದು ಕೇಳಬಹುದು, ಕೈಚೀಲದಲ್ಲೇ ಇರಲಿ. ನಮ್ಮ ದುಂಡು ಪಿನ್ನಿನ ಚಾರ್ಜರ್ ಅಲ್ಲಿನ ಸಾಕೆಟ್ಟಿಗೆ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಬಚ್ಚಲಲ್ಲಿ ಬಕೆಟ್ ಸಿಗುವುದು ಅಪರೂಪ. ಹಿರಿಯರಿದ್ದರೆ ಒಂದು ಪ್ಲಾಸ್ಟಿಕ್ ಚೊಂಬು ಪೆಟ್ಟಿಗೆಯಲ್ಲಿರಲಿ.

ಬುಕಿಂಗ್ ದರದಲ್ಲಿ ಶೇ 20ರ ವ್ಯಾಟ್ ಸೇರಿಯೇ ಇರುತ್ತದೆ. ಮ್ಯಾಂಚೆಸ್ಟರ್ ಕೇಂದ್ರಭಾಗದ ಹಲವು ಹೋಟೆಲುಗಳು 2023ರ ಏಪ್ರಿಲ್‌ನಿಂದ ರಾತ್ರಿಗೆ ಕೋಣೆಯೊಂದಕ್ಕೆ ಒಂದು ಪೌಂಡ್ ಶುಲ್ಕ ವಸೂಲು ಮಾಡುತ್ತಿವೆ. ಎಡಿನ್‌ಬರೋ 2026ರ ಜುಲೈ 24ರಿಂದ ಶೇ 5ರ ಪ್ರವಾಸಿ ಶುಲ್ಕವನ್ನು ಗೊತ್ತುಮಾಡಿದೆ. ಅತಿ ಅಗ್ಗದ ದರಕ್ಕೆ ಬುಕ್ ಮಾಡಿದರೆ ರದ್ದು ಮಾಡಿದಾಗ ದುಡ್ಡು ವಾಪಸಿಲ್ಲ. ವೀಸಾ ಕೈಗೆ ಬರುವ ತನಕ ಆ ದರದ ತಂಟೆಗೆ ಹೋಗಬೇಡಿ.

ನನ್ನನ್ನು ಕೇಳಿದರೆ, ಮಕ್ಕಳು ಹಿರಿಯರು ಎಲ್ಲ ಇರುವ ಕುಟುಂಬ ಲಂಡನ್, ಯಾರ್ಕ್, ಎಡಿನ್‌ಬರೋಗಳಲ್ಲಿ ಸ್ಟೇಷನ್ನಿಗೆ ಹತ್ತಿರದ ಪ್ರೀಮಿಯರ್ ಇನ್ ಹಿಡಿಯಲಿ, ಕಾರಿನ ದಾರಿಯಲ್ಲಿ ಟ್ರಾವೆಲಾಡ್ಜ್ ಸಾಕು, ತಿಂಡಿಗೆ ಚೆನ್ನಾಗಿ ಕೂರುವ ಮಕ್ಕಳಿದ್ದರೆ ಹಾಲಿಡೇ ಇನ್ ಎಕ್ಸ್‌ಪ್ರೆಸ್. ಅಲ್ಲಿನ ಶಾಲೆಗಳಿಗೆ ರಜೆ ಬಿದ್ದೊಡನೆ ಈ ಎಲ್ಲ ಕಡೆ ಫ್ಯಾಮಿಲಿ ರೂಮಿನ ದರ ಏರುತ್ತದೆ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್, ಮೇನಲ್ಲಿ ಬರುವುದು ನಮ್ಮ ಅದೃಷ್ಟ. ಈಸ್ಟರ್ ರಜೆ ಮುಗಿದ ಮೇಲೆ, ಮೇ ಕೊನೆಯ ವಾರದ ಹಾಫ್ ಟರ್ಮ್ ರಜೆಗೆ ಮೊದಲು ಅಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಆ ವಾರಗಳಿಗೆ, ಮೇ ಮೊದಲ ಸೋಮವಾರದ ಬ್ಯಾಂಕ್ ರಜೆ ತಪ್ಪಿಸಿ, ಈಗಲೇ ಕೋಣೆ ನೋಡಿ.